ಓದು ಬರಹ ಕಲಿಯೋಕೆ ಬಂದವರು ತಮ್ಮ ಬದುಕನ್ನೇ ಬರೆದಾಗ: ಇಟಲಿಯ ಕಥೆ

ವಯಸ್ಕರ ಶಿಕ್ಷಣ ಅಂದ ಕೂಡ್ಲೇ ನಮಗೆ ನೆನಪಾಗೋದು ರಾತ್ರಿ ಶಾಲೆ, ಸ್ಲೇಟು, ಹೆಬ್ಬೆಟ್ಟು ಬಿಟ್ಟು ಸಹಿ ಹಾಕೋದು ಇಷ್ಟೇ. ಸಹಿ ಬಂದ್ಮೇಲೆ ಏನು ಬರೀಬೇಕು ಅಂತ ಯಾರೂ ಅಷ್ಟಾಗಿ ಕೇಳಿದ್ದಿಲ್ಲ. ಇಟಲಿಯಲ್ಲಿ ಆ ಪ್ರಶ್ನೆಗೆ ಸಿಕ್ಕ ಉತ್ತರ ನಿಮ್ಮ ಬದುಕನ್ನೇ ಬರೀರಿ ಅನ್ನೋದು, ಆದ್ರೆ ಅಲ್ಲಿಗೆ ಬರೋ ದಾರಿ ನೆಟ್ಟಗಿರಲಿಲ್ಲ.

ಬಡವರ ಆತ್ಮಕಥೆ ಬರೆಸೋದು ಇಟಲಿಗಿಂತ ಮುಂಚೆ ಬೇರೆ ಕಡೆ ಇತ್ತು. ಪೋಲೆಂಡಲ್ಲಿ ಸಮಾಜಶಾಸ್ತ್ರಜ್ಞ ಫ್ಲೋರಿಯನ್ ಜ್ನಾನೆಯೆಟ್ಸ್ಕಿ 1921ರಲ್ಲೇ ಕಾರ್ಮಿಕರಿಗೆ ಆತ್ಮಕಥೆ ಸ್ಪರ್ಧೆ ಇಟ್ಟಿದ್ರು. ಆದ್ರೆ ಅದು ಸಂಶೋಧನೆಗೆ ಬೇಕಾದ ಸರಕು, ಬರೆದವನು ಅದರಿಂದ ಏನು ಕಲಿತ ಅನ್ನೋದು ಅಲ್ಲಿ ಮುಖ್ಯ ಆಗಿರಲಿಲ್ಲ.

ಇಟಲಿಯಲ್ಲಿ ವಿಷಯ ಬದಲಾಗಿದ್ದು 1973ರಲ್ಲಿ, ಅದೂ ಕಾರ್ಮಿಕ ಸಂಘದಿಂದ. ಲೋಹ ಕಾರ್ಖಾನೆ ಕಾರ್ಮಿಕರು ತಮ್ಮ ಒಪ್ಪಂದದಲ್ಲಿ ಮೂರು ವರ್ಷಕ್ಕೆ 150 ಗಂಟೆ ಸಂಬಳ ಸಮೇತ ಓದೋ ರಜೆ ಗಿಟ್ಟಿಸಿಕೊಂಡ್ರು, ಕಂಪನಿ ಕೆಲಸಕ್ಕೆ ಉಪಯೋಗ ಆಗೋದನ್ನೇ ಕಲೀಬೇಕು ಅನ್ನೋ ಕಂಡೀಷನ್ ಕೂಡ ಇಲ್ಲ, ನನ್ನ ಪ್ರಕಾರ ಇದೇ ದೊಡ್ಡ ಗೆಲುವು. ಎಷ್ಟೋ ಜನ ಈ ಗಂಟೆಗಳನ್ನ ಬಳಸ್ಕೊಂಡು ಎಂಟನೇ ಕ್ಲಾಸ್ ಮಟ್ಟದ ಸರ್ಟಿಫಿಕೇಟ್ ತಗೊಂಡ್ರು. ಆಮೇಲೆ ಈ ಕ್ಲಾಸುಗಳಿಗೆ ಗೃಹಿಣಿಯರೂ ಬಂದ್ರು. ಮಿಲಾನಿನ ಅಫ್ಫೊರಿ ಅನ್ನೋ ಏರಿಯಾದಲ್ಲಿ 1976ರಿಂದ ಸ್ತ್ರೀವಾದಿ ಲೆಯಾ ಮೆಲಾಂದ್ರಿ ಇವರಿಗೆ ಪಾಠ ಮಾಡಿದ್ರು, ಮದುವೆ, ಮಕ್ಕಳು, ಮುಗಿಯದ ಮನೆಗೆಲಸ ಎಲ್ಲಾ ಅಲ್ಲಿ ಬರವಣಿಗೆಗೆ ಬಂತು. ಕಾರ್ಖಾನೆಯವರಿಗೆ ಅಂತ ಶುರುವಾದ ಸೌಲಭ್ಯ, ಸಂಬಳವೇ ಇಲ್ಲದ ಕೆಲಸ ಮಾಡೋರ ಕೈಗೆ ಸಿಕ್ಕಿದ್ದು ಹಿಂಗೆ.

ಬರೆದಿದ್ದನ್ನ ಇಡೋದೆಲ್ಲಿ? 1984ರಲ್ಲಿ ಪತ್ರಕರ್ತ ಸವೇರಿಯೊ ಟುಟಿನೊ ಟಸ್ಕನಿಯ ಪಿಯೆವೆ ಸಾಂತೊ ಸ್ತೆಫಾನೊ ಅನ್ನೋ ಚಿಕ್ಕ ಊರಲ್ಲಿ ಜನಸಾಮಾನ್ಯರ ಡೈರಿ, ಪತ್ರ, ನೆನಪುಗಳಿಗೆ ಅಂತಲೇ ಒಂದು ಸಂಗ್ರಹಾಲಯ ಶುರು ಮಾಡಿದ್ರು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಸ್ಫೋಟಕ ಇಟ್ಟು ಈ ಊರನ್ನ ಹೆಚ್ಚುಕಮ್ಮಿ ನೆಲಸಮ ಮಾಡಿತ್ತು, ತನ್ನ ಹಳೇ ಗುರುತೇ ಕಳ್ಕೊಂಡ ಊರು ಈಗ ಬೇರೆಯವರ ನೆನಪು ಕಾಯ್ತಿದೆ. ಸಂಗ್ರಹಾಲಯದವರು ವರ್ಷಾ ವರ್ಷಾ ಒಳ್ಳೆ ಬರಹಕ್ಕೆ ಬಹುಮಾನ ಕೊಡ್ತಾರೆ, ಬಂದ ಹಸ್ತಪ್ರತಿಗಳನ್ನ ಮೊದಲು ಓದಿ ಆರಿಸೋದು ಪ್ರೊಫೆಸರುಗಳಲ್ಲ, ಆ ಸುತ್ತಮುತ್ತಲಿನ ಸಾಮಾನ್ಯ ಓದುಗರೇ.

1986ರಲ್ಲಿ ಅಲ್ಲಿಗೆ ಕ್ಲೆಲಿಯಾ ಮಾರ್ಕಿ ಅನ್ನೋ ಅಜ್ಜಿ ಬಂದ್ರು. ಮಾಂಟುವಾ ಕಡೆಯ ಪೊಜ್ಜೊ ರುಸ್ಕೊದ ರೈತ ಹೆಂಗಸು, 1912ರಲ್ಲಿ ಹುಟ್ಟಿದವರು, ಕೈಯಲ್ಲಿ ಒಂದು ಬೆಡ್‌ಶೀಟು, ಅದರ ತುಂಬಾ ತಮ್ಮ ಬದುಕು. ಗಂಡ ಅಪಘಾತದಲ್ಲಿ ಹೋದ್ಮೇಲೆ ರಾತ್ರಿಯೆಲ್ಲಾ ಬರೀತಿದ್ರಂತೆ, ಒಂದಿನ ಮನೇಲಿ ಕಾಗದ ಮುಗಿದೋಯ್ತು, ಆಗ ಚಿಕ್ಕವರಿದ್ದಾಗ ಟೀಚರ್ ಹೇಳಿದ್ದು ನೆನಪಾಯ್ತು, ಇಟಲಿಯ ಪ್ರಾಚೀನ ಜನ ಎಟ್ರಸ್ಕನ್ನರು ಬರಹ ಇರೋ ಬಟ್ಟೆಯಲ್ಲಿ ಹೆಣ ಸುತ್ತಿದ್ರು ಅಂತ, ಅವರು ಮಾಡಿದ್ರೆ ನಾನ್ಯಾಕೆ ಮಾಡಬಾರದು ಅಂತ ಬೀರುವಿಂದ ಮದುವೆ ಶೀಟೇ ತೆಗೆದ್ರು. ಹಳ್ಳಿ ಶಾಲೆಯ ಒಂದು ಪಾಠ ಅಷ್ಟು ವರ್ಷ ಆದ್ಮೇಲೆ ಹಿಂಗೆ ಉಪಯೋಗಕ್ಕೆ ಬರುತ್ತೆ ಅಂತ ಆ ಟೀಚರ್ ಕನಸಲ್ಲೂ ಅಂದ್ಕೊಂಡಿರಲ್ಲ ಬಿಡಿ.

1998ರಲ್ಲಿ ಪಿಯೆವೆ ಇರೋ ಅದೇ ಟೈಬರ್ ಕಣಿವೆಯ ಅಂಗಿಯಾರಿ ಅನ್ನೋ ಊರಲ್ಲಿ ಶಿಕ್ಷಣ ತತ್ವಶಾಸ್ತ್ರದ ಪ್ರೊಫೆಸರ್ ದುಚ್ಚೊ ದೆಮೆತ್ರಿಯೊ ಮತ್ತೆ ಟುಟಿನೊ ಸೇರಿ ಆತ್ಮಕಥೆಯ ಮುಕ್ತ ವಿಶ್ವವಿದ್ಯಾಲಯ ಕಟ್ಟಿದ್ರು. ದೆಮೆತ್ರಿಯೊ ಹೇಳೋದು ಆತ್ಮಕಥೆ ಬರೆಯೋದು ತನ್ನನ್ನ ತಾನೇ ಆರೈಕೆ ಮಾಡ್ಕೊಳ್ಳೋ ದಾರಿ ಅಂತ. ಮಾತು ಸರಿ, ಆದ್ರೆ ಇಲ್ಲೇ ಗಾಡಿ ಸ್ವಲ್ಪ ತಿರುಗಿತು ಅನ್ಸುತ್ತೆ ನನಗೆ. 150 ಗಂಟೆ ಕಾರ್ಮಿಕರ ಹಕ್ಕಾಗಿತ್ತು, ಮಾಲೀಕನ ಖರ್ಚು. ಅಂಗಿಯಾರಿಗೆ ಹೋಗೋರು ಫೀಸು ಕಟ್ಟಿ ಹೋಗಬೇಕು, ರಜೆಯನ್ನೂ ತಾವೇ ಹೊಂದಿಸ್ಕೋಬೇಕು.

ಬರೆದಿದ್ದನ್ನ ಎಷ್ಟು ತಿದ್ದಬೇಕು ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಸಿಸಿಲಿಯ ವಿಂಚೆಂತ್ಸೊ ರಾಬಿತೊ, ಹುಟ್ಟಿದ್ದು 1899ರಲ್ಲಿ, ರಸ್ತೆ ಕೆಲಸದವನು, ತಾನೇ ಒದ್ದಾಡಿ ಅಕ್ಷರ ಕಲಿತವನು. ಆತ ರೂಮಿನ ಬಾಗಿಲು ಹಾಕ್ಕೊಂಡು ಟೈಪ್‌ರೈಟರಲ್ಲಿ 1027 ಪುಟ ಕುಟ್ಟಿದ್ದ, ಹೆಚ್ಚುಕಮ್ಮಿ ಪ್ರತಿ ಪದ ಆದ್ಮೇಲೂ ಒಂದು ಸೆಮಿಕೋಲನ್! ಅವನು ಸತ್ತು ಎಷ್ಟೋ ವರ್ಷ ಆದ್ಮೇಲೆ ಮಗ ಅದನ್ನ ಪಿಯೆವೆ ಸಂಗ್ರಹಾಲಯಕ್ಕೆ ಕಳಿಸಿದ, 2000ದಲ್ಲಿ ಬಹುಮಾನ ಬಂತು, 2007ರಲ್ಲಿ ದೊಡ್ಡ ಪ್ರಕಾಶನವೊಂದು ಪುಸ್ತಕ ಮಾಡ್ತು. ಸಂಪಾದಕರು ಅವನ ಅರ್ಧ ಸಿಸಿಲಿಯನ್ ಅರ್ಧ ಇಟಾಲಿಯನ್ ಭಾಷೆಯನ್ನ ಉಳಿಸ್ಕೊಂಡ್ರು, ಪುಟಗಳಿಗೆ ಮಾತ್ರ ಚೆನ್ನಾಗೇ ಕತ್ತರಿ ಹಾಕಿದ್ರು. ರಾಬಿತೊ ಇದ್ದಿದ್ರೆ ಭಾಷೆ ತಿದ್ದಿ, ಪುಟ ಬಿಡಿ ಅಂತ ಜಗಳ ಆಡ್ತಿದ್ನೇನೋ.