ಹಟ್ಟಿಗೊಂದು ಅಂಗನವಾಡಿ: 40 ಮಕ್ಕಳ ಲೆಕ್ಕ ಹಾಕೋದು ಹೇಗೆ?

ನಮ್ಮ ಹಟ್ಟಿಗೆ ಅಂಗನವಾಡಿ ಬೇಕು ಅಂತ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಗೆ ಓದುತ್ತಿರೋದು ನಾನೊಬ್ಬಳೇ ಅಲ್ವಾ, ಅದಕ್ಕೆ. ಪುಸ್ತಕದಲ್ಲಿ ಓದಿದ್ದನ್ನೇ ಕಾಗದದ ಮೇಲೆ ಇಳಿಸುವಾಗ ಒಂದು ಕಡೆ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡೆ. ಜೊತೆಯಲ್ಲಿ ಓದುವವರಿಗೆ ಉಪಯೋಗವಾಗಲಿ ಅಂತ, ನನಗೂ ಮರೆಯದಿರಲಿ ಅಂತ ಬರೆದಿಡುತ್ತಿದ್ದೇನೆ.

ಹಿನ್ನೆಲೆ, ಚುಟುಕಾಗಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಸೇವೆಗಳು ಆರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಕೊನೆಯದೊಂದೇ ಪಾಠದ್ದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜನಸಂಖ್ಯೆಯ ದಾರಿ

ಹಳ್ಳಿಯಲ್ಲಿ 400ರಿಂದ 800 ಜನರಿದ್ದರೆ ಒಂದು ಅಂಗನವಾಡಿ. 800ರಿಂದ 1,600ಕ್ಕೆ ಎರಡು. 1,600ರಿಂದ 2,400ಕ್ಕೆ ಮೂರು. ಆಮೇಲೆ ಪ್ರತಿ 800ಕ್ಕೆ ಒಂದೊಂದು. ಕಾಡು, ಬೆಟ್ಟದ ಬುಡಕಟ್ಟು ಪ್ರದೇಶದಲ್ಲಿ 300 ಜನರಿದ್ದರೂ ಒಂದು ಕೊಡಬಹುದು. 150ರಿಂದ 400 ಜನರಿರುವ ಕಡೆ ಮಿನಿ ಅಂಗನವಾಡಿ.

ಇದನ್ನು ಬಾಯಿಪಾಠ ಮಾಡಬೇಡಿ. ಜನಸಂಖ್ಯೆಯನ್ನು 800ರಿಂದ ಭಾಗಿಸಿ, ಶೇಷ ಉಳಿದರೆ ಒಂದು ಕೂಡಿಸಿ. 1,700 ಅಂದರೆ ಎರಡು ಸಲ ಹೋಗಿ 100 ಉಳಿಯುತ್ತದೆ, ಹಾಗಾಗಿ ಮೂರು. 400ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಈ ಸೂತ್ರ ನಡೆಯಲ್ಲ.

ನಮ್ಮದು ಅದೇ ಲೆಕ್ಕಕ್ಕೆ ಬರುತ್ತದೆ. 62 ಮನೆ, 340 ಜನ. ಹಾಗಾದರೆ ಮಿನಿ. ಮಿನಿಯಲ್ಲಿ ಟೀಚರ್ ಒಬ್ಬರೇ, ಸಹಾಯಕಿ ಇಲ್ಲ. ಒಲೆ ಮೇಲೆ ಬೇಳೆ ಇಟ್ಟು, ಹಾಡು ಹೇಳಿಕೊಟ್ಟು, ನಡುವೆ ಮಗುವನ್ನು ತೊಳೆದು ಕರೆದುಕೊಂಡು ಬರೋದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಮಿನಿಗಳನ್ನು ಪೂರ್ಣ ಕೇಂದ್ರಗಳಾಗಿ ಮಾಡುವ ಕೆಲಸ ಇತ್ತೀಚೆಗೆ ನಡೆದಿರೋದು ಇದಕ್ಕೇ. ನಾವೂ ಪೂರ್ಣ ಕೇಂದ್ರವನ್ನೇ ಕೇಳೋಣ ಅಂದುಕೊಂಡೆವು.

ಬೇಡಿಕೆಯ ದಾರಿ, ಮತ್ತು ಆ 40 ಮಕ್ಕಳು

ಆಹಾರದ ಹಕ್ಕಿನ ಬಗ್ಗೆ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ 2001ರಲ್ಲಿ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಒಂದು ಆದೇಶ ಕೊಟ್ಟಿತು. ಒಂದು ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಾದರೂ ಇದ್ದು, ಅಲ್ಲಿ ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ಹಳ್ಳಿಗೂ ಸರಿ, ಕೊಳೆಗೇರಿಗೂ ಸರಿ.

ನಾನು ಮೊದಲು ಎಣಿಸಿದಾಗ ಸಿಕ್ಕಿದ್ದು 21. ಮನಸ್ಸು ಕುಸಿಯಿತು. ಅರ್ಧದಷ್ಟೇ ಇದೆ, ಇದು ಆಗದ ಮಾತು ಅಂತ ಪಟ್ಟಿಯನ್ನು ಮಡಚಿಟ್ಟೆ. ನಮ್ಮ ಆಶಾ ಅಕ್ಕ ಅದನ್ನು ನೋಡಿ ಕೇಳಿದರು: "ಬರೀ ನಡೆದುಕೊಂಡು ಹೋಗೋ ಮಕ್ಕಳ್ನ ಬರೆದಿದ್ದೀಯಲ್ಲಮ್ಮ, ತೊಟ್ಟಿಲಲ್ಲಿರೋವು ಎಲ್ಲಿ ಹೋದ್ವು?"

ತಪ್ಪು ಆಗಿದ್ದು ಅಲ್ಲೇ. ಶಾಲಾಪೂರ್ವ ಶಿಕ್ಷಣ 3ರಿಂದ 6 ವರ್ಷದವರಿಗೆ. ನಾನು ಆ ವಯಸ್ಸಿನವರನ್ನೇ ಎಣಿಸಿದ್ದೆ. ಆದೇಶ ಹೇಳೋದು ಆರು ವರ್ಷದೊಳಗಿನ ಎಲ್ಲ ಮಕ್ಕಳು ಅಂತ. ಯಾಕೆ? ಮೇಲಿನ ಆರು ಸೇವೆಗಳನ್ನು ಮತ್ತೆ ನೋಡಿ. ಎಳೆ ಮಗುವಿನ ತೂಕ, ಚುಚ್ಚುಮದ್ದು, ಬಾಣಂತಿಯ ಊಟ ಎಲ್ಲವೂ ಅಂಗನವಾಡಿಯ ಕೆಲಸವೇ. ಅಕ್ಷರ ಕಲಿಯದ ಮಗುವಿಗೂ ಆ ಕೇಂದ್ರ ಬೇಕು. ಹಾಗಾಗಿ ಪಾಠಕ್ಕೆ 3ರಿಂದ 6, ಎಣಿಕೆಗೆ 0ಯಿಂದ 6. ಪರೀಕ್ಷೆಯಲ್ಲಿ ಈ ಎರಡನ್ನು ಅಕ್ಕಪಕ್ಕ ಇಟ್ಟು ಕೇಳಿದರೆ ಗಲಿಬಿಲಿ ಆಗಬೇಡಿ.

ಮತ್ತೆ ಮನೆ ಮನೆಗೆ ಹೋದೆ. 3 ತುಂಬದವರು 17. ಒಟ್ಟು 38. ಇನ್ನೂ ಎರಡು ಕಡಿಮೆ!

ಆಗ ಹೊಳೆದದ್ದು ಬಾಣಂತನ. ಹೆರಿಗೆಗೆ ತವರಿಗೆ ಹೋದ ಮೂವರು ಇನ್ನೂ ವಾಪಸ್ ಬಂದಿರಲಿಲ್ಲ. ಆ ಮೂರು ಮಕ್ಕಳು ನಮ್ಮ ಹಟ್ಟಿಯವೇ, ಇನ್ನು ಕೆಲವು ತಿಂಗಳಿಗೆ ಇಲ್ಲೇ ಬೆಳೆಯುವವು. ಅವರ ಅತ್ತೆಯಂದಿರನ್ನು ಕೇಳಿ ಹುಟ್ಟಿದ ದಿನ ಬರೆದುಕೊಂಡೆ. ಮುಂದೆ "ತಾಯಿ ತವರಿನಲ್ಲಿದ್ದಾರೆ" ಅಂತ ಸೇರಿಸಿದೆ. ಮುಚ್ಚಿಟ್ಟು ಎಣಿಸುವುದಕ್ಕಿಂತ ಬರೆದು ಎಣಿಸುವುದು ಒಳ್ಳೆಯದು. ಒಟ್ಟು 41.

ವಯಸ್ಸು ನೋಡಲು ಒಂದು ಸುಲಭ ದಾರಿ: ಅರ್ಜಿಯ ದಿನಾಂಕದಲ್ಲಿ ವರ್ಷದಿಂದ ಆರು ಕಳೆಯಿರಿ. ಆ ದಿನದ ನಂತರ ಹುಟ್ಟಿದವರೆಲ್ಲ ಪಟ್ಟಿಗೆ ಸೇರುತ್ತಾರೆ. "ಯುಗಾದಿಗೆ ಐದು ತುಂಬ್ತು" ಅನ್ನೋ ಮಾತನ್ನು ನಂಬಿ ಬರೆಯಬೇಡಿ. ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ತೆಗೆಸಿ ನೋಡಿ.

ಇನ್ನೊಂದು ಮಾತು, ಇದು ನನ್ನನ್ನು ತುಂಬಾ ನೋಯಿಸಿದ್ದು. ಒಂದು ಕಚೇರಿಯಲ್ಲಿ "ನಿಮ್ಮೂರಲ್ಲಿ ಆಗಲೇ ಅಂಗನವಾಡಿ ಇದೆಯಲ್ಲ" ಅಂದರು. ಅದಿರೋದು ಊರಲ್ಲಿ, ಒಂದೂವರೆ ಕಿಲೋಮೀಟರ್ ಆಚೆ, ನಡುವೆ ಹಳ್ಳ. ಮಳೆ ಬಂದರೆ ದೊಡ್ಡವರೇ ದಾಟಲ್ಲ, ಮೂರು ವರ್ಷದ ಮಗು ಹೇಗೆ ದಾಟೀತು? ಆದೇಶದಲ್ಲಿರುವ ಪದ ಜನವಸತಿ. ಕಂದಾಯ ಗ್ರಾಮ ಅಂತ ಅಲ್ಲಿಲ್ಲ. ಅರ್ಜಿಯಲ್ಲಿ ಹಳ್ಳದ ವಿಷಯವನ್ನು ಮೊದಲ ಸಾಲಿನಲ್ಲೇ ಬರೆದೆ.

ಉಳಿದದ್ದು

ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಅದರ ನಕಲು, ಮಕ್ಕಳ ಪಟ್ಟಿ, ಅರ್ಜಿ ಮೂರನ್ನೂ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕೊಡಬೇಕು. ನಮ್ಮ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಮೂರು ತಿಂಗಳು ಎಣಿಸೋದು ಆ ದಿನದಿಂದ.

ಕಟ್ಟಡ ಬೇರೆ ವಿಷಯ. ಕೇಂದ್ರ ಮಂಜೂರಾದ ಮಾತ್ರಕ್ಕೆ ಕಟ್ಟಡ ಬರಲ್ಲ. ಸಮುದಾಯ ಭವನದಲ್ಲೋ ಬಾಡಿಗೆ ಕೋಣೆಯಲ್ಲೋ ಶುರುವಾದ ಕೇಂದ್ರಗಳು ಎಷ್ಟೋ ಇವೆ. ಸ್ವಂತ ಕಟ್ಟಡಕ್ಕೆ 600 ಚದರ ಅಡಿಯ ಅಳತೆ ಹೇಳಿದ್ದಾರೆ, ಅಡುಗೆಮನೆ, ದಾಸ್ತಾನು ಕೋಣೆ, ಮಕ್ಕಳ ಶೌಚಾಲಯ ಎಲ್ಲ ಸೇರಿ. ಯಾರಾದರೂ ಜಾಗ ಕೊಡುತ್ತೇನೆ ಅಂದರೆ ಸಂತೋಷ, ಆದರೆ ಬಾಯಿಮಾತು ಸಾಲದು. ದಾನಪತ್ರ ನೋಂದಣಿ ಆಗಲೇಬೇಕು. ಇಲ್ಲದಿದ್ದರೆ ಮುಂದೆ ಅವರ ಮಕ್ಕಳು ಭಾಗ ಮಾಡಿಕೊಳ್ಳುವಾಗ ಗೋಡೆಯೇ ಜಗಳಕ್ಕೆ ಬೀಳುತ್ತದೆ.

ಕೇಂದ್ರ ತೆರೆದ ಮೇಲೆ ಬಾಲವಿಕಾಸ ಸಮಿತಿ ಆಗುತ್ತದೆ. ಅದರಲ್ಲಿ ತಾಯಂದಿರು ಇರಬೇಕು, ಸುಮ್ನೆ ಹೆಸರಿಗೆ ಅಲ್ಲ. ಮೊಟ್ಟೆ ಬಂತಾ, ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆದರಾ ಅಂತ ದಿನಾ ನೋಡುವವರು ಅವರೇ.

ನಮ್ಮ ಅರ್ಜಿಗೆ ಸೀಲು ಬಿದ್ದಿದೆ. ತವರಿನಲ್ಲಿದ್ದ ಮೂವರಲ್ಲಿ ಒಬ್ಬಳು ನಿನ್ನೆ ಮಗು ಎತ್ತಿಕೊಂಡು ಬಂದಳು. ಪಟ್ಟಿಯ 40ನೇ ಸಾಲಿನಲ್ಲಿ "ಹೆಣ್ಣು ಮಗು" ಅಂತಷ್ಟೇ ಬರೆದಿದ್ದೆ. ಬರುವ ವಾರ ನಾಮಕರಣವಂತೆ. ಅದು ಆದ ಮೇಲೆ ನನ್ನ ಪ್ರತಿಯಲ್ಲಿ ಹೆಸರು ತುಂಬಬೇಕು.