ಗ್ರೇಡಿಂಗ್: ತ್ರಿಬಲ್ ಎಕ್ಸೆಲ್ ತಂದರೂ ಅವ್ವನ ಮೈಗೆ ಯಾಕೆ ಕೂರುವುದಿಲ್ಲ?

ರೆಡಿಮೇಡ್ ಬಟ್ಟೆ ಮಾಡುವವರು ಎಲ್ಲ ಸೈಜಿಗೂ ಬೇರೆ ಬೇರೆ ಜನರ ಅಳತೆ ತೆಗೆಯುವುದಿಲ್ಲ. ಮೊದಲು ಒಂದೇ ಒಂದು ಸೈಜಿನ ಮಾದರಿ ತಯಾರಾಗುತ್ತದೆ. ಸಾಮಾನ್ಯವಾಗಿ ಅದು ಎಂ ಸೈಜು. ಅದನ್ನು ಒಬ್ಬ ಮಾಡೆಲ್‌ಗೆ ತೊಡಿಸಿ ನೋಡುತ್ತಾರೆ, ಎಲ್ಲಿ ಎಳೆಯುತ್ತದೆ, ಎಲ್ಲಿ ಜೋಲುತ್ತದೆ ಅಂತ ತಿದ್ದುತ್ತಾರೆ. ಮಾದರಿ ಪಾಸಾದ ಮೇಲೆ ಅದರ ಗೆರೆಗಳನ್ನು ಲೆಕ್ಕದ ಪ್ರಕಾರ ಹೊರಗೆ ಸರಿಸುತ್ತಾರೆ. ಎಲ್ ಆಯಿತು. ಇನ್ನಷ್ಟು ಸರಿಸಿದರೆ ಎಕ್ಸೆಲ್, ಡಬಲ್ ಎಕ್ಸೆಲ್, ತ್ರಿಬಲ್ ಎಕ್ಸೆಲ್. ಈ ಕೆಲಸಕ್ಕೆ ಗಾರ್ಮೆಂಟ್ಸ್‌ನವರು ಗ್ರೇಡಿಂಗ್ ಅನ್ನುತ್ತಾರೆ. ಮುಂಚೆ ರಟ್ಟಿನ ಮೇಲೆ ಸ್ಕೇಲು, ಪೆನ್ಸಿಲ್ ಹಿಡಿದು ಮಾಡುತ್ತಿದ್ದರು. ಈಗ ಕಂಪ್ಯೂಟರ್ ಮಾಡುತ್ತದೆ.

ಹೆಸರು ಕೇಳಿದರೆ ಇದು ಕಾರ್ಖಾನೆಯವರ ಮಾತು, ನಮಗೇಕೆ ಅನಿಸಬಹುದು. ಆದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಧಾರವಾಡದ ಸುಭಾಸ್ ರಸ್ತೆಯಲ್ಲೋ ಅರವತ್ತು ದಾಟಿದ ಹೆಂಗಸು ಒಂದು ಟಾಪ್ ಕೇಳಿದಾಗ ನಡೆಯುವ ಮಾತನ್ನು ನೆನಪಿಸಿಕೊಳ್ಳಿ.

"ಎದಿಗೆ ಬಿಗಿ ಆಗ್ತೈತೆಪ, ಇನ್ನೊಂದು ಸೈಜ್ ದೊಡ್ಡದು ಕೊಡು."

"ತಗೋರಿ ಅಮ್ಮಾರ, ಡಬಲ್ ಎಕ್ಸೆಲ್."

"ಎದಿಗೆ ಸರಿ ಆತು. ಹೆಗಲು ನೋಡು, ಹೆಂಗ ಜೋತು ಬಿದ್ದೈತಿ. ತೋಳು ಬೆರಳತನಕ ಬಂತು."

"ಇದಕ್ಕಿಂತ ಬ್ಯಾರೆ ಇಲ್ರಿ ಅಮ್ಮಾರ. ನಿಮ್ಮ ಮೈ ಹಂಗೈತ್ರಿ, ಏನ್ ಮಾಡೋದು?"

ನನಗೆ ಸಂಕಟವಾಗುವುದು ಆ ಕೊನೆಯ ಮಾತಿಗೆ. ಹುಡುಗ ಕೆಟ್ಟವನೇನಲ್ಲ. ಅವನ ಕೈಯಲ್ಲಿ ಇದ್ದದ್ದು ಅಷ್ಟೇ. ಆದರೆ ಆ ತಾಯಿ "ನನ್ನ ಮೈನ ಸರಿ ಇಲ್ಲ" ಅಂದುಕೊಂಡು ಅಂಗಡಿ ಇಳಿಯುತ್ತಾಳೆ. ಸರಿ ಇಲ್ಲದ್ದು ಗ್ರೇಡಿಂಗಿನ ಲೆಕ್ಕ. ಅದು ಹೇಗೆ ತಪ್ಪುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಉದಾಹರಣೆ ತೆಗೆದುಕೊಳ್ಳಿ. ಮಾದರಿ ಟಾಪಿನ ಎದೆಸುತ್ತು 36 ಇಂಚು. ಒಂದೊಂದು ಸೈಜಿಗೂ ಎದೆಗೆ 2 ಇಂಚು ಸೇರಿಸಿದರೆ 38, 40, 42, 44, 46 ಆಗುತ್ತದೆ. ಎದೆಯ ಜೊತೆಗೇ ಹೆಗಲು, ಕುತ್ತಿಗೆ, ಕಂಕುಳ, ತೋಳು ಎಲ್ಲವನ್ನೂ ಅದಕ್ಕೆ ತಕ್ಕಷ್ಟು ದೊಡ್ಡದು ಮಾಡುತ್ತಾರೆ. ಹೆಗಲಿಗೆ ಪ್ರತಿ ಸೈಜಿಗೆ ಅರ್ಧ ಇಂಚು ಅಂತ ಹಿಡಿದರೂ 46ಕ್ಕೆ ಬರುವ ಹೊತ್ತಿಗೆ ಎರಡೂವರೆ ಇಂಚು ಅಗಲವಾಗಿರುತ್ತದೆ. ಈಗ ಹೇಳಿ, ಮೂವತ್ತರ ವಯಸ್ಸಿನಲ್ಲಿ 36 ತೊಡುತ್ತಿದ್ದ ಹೆಂಗಸು ಅರವತ್ತೈದಕ್ಕೆ 46 ತೊಡುತ್ತಾಳೆ ಅಂದರೆ ಅವಳ ಹೆಗಲ ಎಲುಬು ಎರಡೂವರೆ ಇಂಚು ಬೆಳೆದಿದೆಯಾ? ಎಲುಬು ಇದ್ದಷ್ಟೇ ಇದೆ. ಬೆಳೆದದ್ದು ಹೊಟ್ಟೆ, ಎದೆ, ರಟ್ಟೆಯ ಮಾಂಸ. ಹೀಗಾಗಿ ಎದೆಗೆ ಸರಿಯಾದ ಟಾಪು ಹೆಗಲಿಂದ ಜಾರುತ್ತದೆ. ಹೆಗಲಿಗೆ ಸರಿಯಾದದ್ದು ಎದೆ ಮೇಲೆ ಮುಚ್ಚುವುದಿಲ್ಲ.

ಮಾದರಿ ಸೈಜಿನ ಅಕ್ಕಪಕ್ಕ ಒಂದೆರಡು ಸೈಜಿನವರೆಗೆ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ. ದೂರ ಹೋದಂತೆ ಸಣ್ಣ ಸಣ್ಣ ತಪ್ಪುಗಳು ಕೂಡಿ ದೊಡ್ಡದಾಗುತ್ತವೆ. ಕೆಲವು ಕಂಪನಿಗಳು ದೊಡ್ಡ ಸೈಜುಗಳಿಗೆ ಇನ್ನೊಂದು ಮಾದರಿಯನ್ನೇ ಬೇರೆ ಮಾಡುತ್ತವೆ. ಅದಕ್ಕೆ ಖರ್ಚು ಜಾಸ್ತಿ. ನಮ್ಮ ಪೇಟೆಗೆ ಬರುವ ಮುನ್ನೂರು, ನಾನೂರು ರೂಪಾಯಿಯ ಟಾಪಿಗೆ ಯಾರು ಅಷ್ಟು ಮಾಡುತ್ತಾರೆ?

ಇಷ್ಟೇ ಆಗಿದ್ದರೆ ಇದು ದಪ್ಪ ಇರುವ ಎಲ್ಲರ ತ್ರಾಸು ಆಗುತ್ತಿತ್ತು. ವಯಸ್ಸಾದವರದ್ದು ಇನ್ನೂ ಒಂದು ಹೆಜ್ಜೆ ಮುಂದಿದೆ. ತೆಳ್ಳಗಿರುವ ಅಜ್ಜಿಗೂ ರೆಡಿಮೇಡ್ ಜಂಪರ್ (ಸೀರೆಯ ಬ್ಲೌಸ್) ಕೂರುವುದಿಲ್ಲ, ಗಮನಿಸಿದ್ದೀರಾ? ಯಾಕೆಂದರೆ ವಯಸ್ಸು ಮೈಯ ಗಾತ್ರವನ್ನಷ್ಟೇ ಬದಲಿಸುವುದಿಲ್ಲ, ಆಕಾರವನ್ನೂ ಬದಲಿಸುತ್ತದೆ. ನಲವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು 1 ಸೆಂಟಿಮೀಟರ್‌ನಷ್ಟು ಎತ್ತರ ಕಡಿಮೆಯಾಗುತ್ತದೆ. ಎಪ್ಪತ್ತರ ಮೇಲೆ ಇನ್ನೂ ಬೇಗ. ಕಾಲು ಗಿಡ್ಡ ಆಗುವುದಿಲ್ಲ, ಕುಗ್ಗುವುದು ಬೆನ್ನುಮೂಳೆ. ಅಂದರೆ ಕುತ್ತಿಗೆಯಿಂದ ಸೊಂಟದವರೆಗಿನ ಭಾಗ, ಜಂಪರ್ ಕೂರುವ ಜಾಗವೇ ಗಿಡ್ಡ ಆಗುತ್ತದೆ. ಮುಟ್ಟು ನಿಂತ ಮೇಲೆ ಕೊಬ್ಬು ತೊಡೆ ಬಿಟ್ಟು ಹೊಟ್ಟೆಯ ಸುತ್ತ ಸೇರುವುದು ಜಾಸ್ತಿ. ಎದೆ ಕೆಳಗೆ ಇಳಿಯುತ್ತದೆ. ಜಂಪರಿನ ಟಕ್ಸು (ಎದೆಯ ಉಬ್ಬಿಗಾಗಿ ಬಟ್ಟೆ ಮಡಚಿ ಹಾಕುವ ಹೊಲಿಗೆ) ಮಾತ್ರ ಇಪ್ಪತ್ತೈದರ ಹುಡುಗಿಯ ಎದೆ ಇರುವ ಎತ್ತರದಲ್ಲೇ ಇರುತ್ತದೆ. ಮೇಲೆ ಖಾಲಿ ಉಬ್ಬು, ಕೆಳಗೆ ಬಿಗಿ.

ಬೆನ್ನು ಬಾಗಿದವರ ಪಾಡು ಇನ್ನೂ ಕಷ್ಟ. ಬೆನ್ನು ಗುಂಡಗಾದರೆ ಹಿಂಭಾಗಕ್ಕೆ ಬಟ್ಟೆ ಹೆಚ್ಚು ಬೇಕು, ಮುಂಭಾಗಕ್ಕೆ ಕಡಿಮೆ ಸಾಕು. ರೆಡಿಮೇಡ್ ಟಾಪಿನಲ್ಲಿ ಇದರ ಲೆಕ್ಕವೇ ಇಲ್ಲ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಇಡೀ ಟಾಪು ಬೆನ್ನ ಕಡೆ ಸರಿಯುತ್ತದೆ. ಮುಂದಿನ ಕೊರಳು ಗಂಟಲಿಗೆ ಒತ್ತುತ್ತದೆ. ಹಿಂದಿನ ಅಂಚು ಮೇಲೇರುತ್ತದೆ, ಮುಂದಿನದು ಜೋಲುತ್ತದೆ. ಅವರು ಕೂತಲ್ಲಿ ನಿಂತಲ್ಲಿ ಕೊರಳನ್ನು ಮುಂದಕ್ಕೆ ಎಳೆದುಕೊಳ್ಳುತ್ತಲೇ ಇರುತ್ತಾರೆ. ಮನೆಯಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ಅದು ಅಭ್ಯಾಸ ಅಂದುಕೊಳ್ಳಬೇಡಿ. ಬಟ್ಟೆಯ ಹಿಂದಿನ ಉದ್ದ ಸಾಲುತ್ತಿಲ್ಲ ಅಂತ ಅರ್ಥ.

ಹಾಗಾದರೆ ವಯಸ್ಸಾದ ಹೆಂಗಸರ ಅಳತೆಯನ್ನು ಯಾರೂ ತೆಗೆದೇ ಇಲ್ಲವೇ? ಅಮೆರಿಕದಲ್ಲಿ 1939ರಲ್ಲಿ ಸರ್ಕಾರವೇ ಹೆಂಗಸರ ಅಳತೆ ತೆಗೆಸಲು ಶುರುಮಾಡಿತು. ಹತ್ತಿರ ಹತ್ತಿರ 15,000 ಹೆಂಗಸರು, ಒಬ್ಬೊಬ್ಬರದ್ದು 59 ಅಳತೆ. 1941ರಲ್ಲಿ ಅದು ಪ್ರಕಟವಾಯಿತು. ಆದರೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಅದರ ಮೇಲೆ 1958ರಲ್ಲಿ ಸೈಜಿನ ನಿಯಮ ಬಂತು, 1983ರಲ್ಲಿ ಅದನ್ನು ಕೈಬಿಟ್ಟರು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು 1990ರ ದಶಕದ ಇನ್ನೊಂದು ಕೆಲಸ. ವಸ್ತುಗಳ ಗುಣಮಟ್ಟಕ್ಕೆ, ಅಳತೆಗೆ ನಿಯಮ ಮಾಡುವ ಅಲ್ಲಿನ ಎಎಸ್‌ಟಿಎಂ ಎಂಬ ಸಂಸ್ಥೆ 55 ವರ್ಷ ಮತ್ತು ಮೇಲ್ಪಟ್ಟ ಹೆಂಗಸರಿಗಾಗಿಯೇ ಬೇರೆ ಅಳತೆಪಟ್ಟಿ ಮಾಡಿತು. ಡಿ5586 ಅಂತ ಅದರ ನಂಬರು. ಅಂದರೆ ಹಿರಿಯರಿಗೆ ಬೇರೆಯೇ ಮಾದರಿ ಬೇಕು ಅನ್ನುವುದು ಬಟ್ಟೆ ಉದ್ಯಮಕ್ಕೆ ಗೊತ್ತಿಲ್ಲದ ಸಂಗತಿಯಲ್ಲ.

ನಮ್ಮ ದೇಶದಲ್ಲಿ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಇಂಡಿಯಾ ಸೈಜ್ ಅನ್ನುವ ಯೋಜನೆ ಕೈಗೆತ್ತಿಕೊಂಡಿತು. ಕೇಂದ್ರದ ಜವಳಿ ಇಲಾಖೆಯ ಬೆಂಬಲ ಇತ್ತು. ದೇಶದ ಬೇರೆ ಬೇರೆ ಕಡೆಯ 25,000 ಜನರ ಮೈಯಳತೆಯನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ತೆಗೆಯುವುದು ಅದರ ಗುರಿ. ಬಹಳ ಒಳ್ಳೆಯ ಕೆಲಸ. ಅಮೆರಿಕ, ಯುರೋಪಿನ ಪಟ್ಟಿ ನೋಡಿ ನಮ್ಮ ಮೈಗೆ ಬಟ್ಟೆ ಕತ್ತರಿಸುವುದು ಇನ್ನಾದರೂ ತಪ್ಪಬಹುದು. ಆದರೆ ಅದಕ್ಕೆ ಆರಿಸಿಕೊಂಡ ವಯಸ್ಸು 15ರಿಂದ 65. ಬೆನ್ನು ಬಾಗುವ, ಎತ್ತರ ಬೇಗ ಬೇಗ ಇಳಿಯುವ ವಯಸ್ಸು ಶುರುವಾಗುವ ಹೊತ್ತಿಗೆ ಪಟ್ಟಿ ಮುಗಿದುಹೋಗುತ್ತದೆ. ನಮ್ಮ ಎಪ್ಪತ್ತರ ಅವ್ವಂದಿರನ್ನೂ ಅಳೆಯಬೇಕಿತ್ತು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

"ಸೀರೆ ಉಟ್ಟರೆ ಈ ರಗಳೆಯೇ ಇಲ್ಲವಲ್ಲ" ಅನ್ನುವವರಿದ್ದಾರೆ. ನಿಜ, ಇಳಕಲ್ ಸೀರೆ ಯಾರ ಸೈಜೂ ಕೇಳುವುದಿಲ್ಲ. ಬೆಟಗೇರಿ, ಗಜೇಂದ್ರಗಡದ ಕೈಮಗ್ಗದ ಸೀರೆಯೂ ಅಷ್ಟೇ. ಅದರ ಜೊತೆಗೆ ತೊಡುತ್ತಿದ್ದ ಖಣದ ಕುಬಸವಂತೂ ಬಹಳ ಜಾಣತನದ ಉಡುಪು. ಮುಂದೆ ಎದೆಯ ಕೆಳಗೆ ಗಂಟು. ಮೈ ಬಂದ ವರ್ಷ ಗಂಟು ಸಡಿಲ, ಮೈ ಇಳಿದ ವರ್ಷ ಬಿಗಿ. ಬೆನ್ನ ಹಿಂದೆ ಕೈ ಹಾಕುವ ಕೆಲಸವಿಲ್ಲ. ಈಗಿನ ಫ್ಯಾಷನ್ ಜಂಪರುಗಳಲ್ಲಿ ಹುಕ್ಕು ಬೆನ್ನಿಗೆ ಹೋಗಿದೆ. ಹೆಗಲು ಹಿಡಿದುಕೊಂಡವರಿಗೆ ಅದನ್ನು ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಹೆಗಲು ಹಿಡಿಯುವ ಈ ತೊಂದರೆ ಜಾಸ್ತಿ. ಸೊಸೆಯನ್ನೋ ಮೊಮ್ಮಗಳನ್ನೋ ಕರೆಯಬೇಕು. ದಿನಾ ಬೆಳಿಗ್ಗೆ ಜಂಪರ್ ತೊಡಲು ಇನ್ನೊಬ್ಬರನ್ನು ಕರೆಯುವುದು ಎಷ್ಟು ಮುಜುಗರ ಅಲ್ವಾ?

ಆದರೂ ಸೀರೆ ಎಲ್ಲರಿಗೂ ಆಗಿಬರುವುದಿಲ್ಲ. ಮಂಡಿ ಆಪರೇಷನ್ ಆದವರಿಗೆ ಮೆಟ್ಟಿಲಲ್ಲಿ ನಿರಿಗೆ ಕಾಲಿಗೆ ಸಿಕ್ಕುತ್ತದೆ. ರಾತ್ರಿ ಎರಡು ಮೂರು ಸಲ ಏಳುವವರಿಗೆ ಸೀರೆ ಸುತ್ತಿಕೊಂಡು ಓಡಾಡುವುದು ಕಷ್ಟ. ಹೀಗಾಗಿ ನೈಟಿ, ಟಾಪು, ಪ್ಯಾಂಟು ಕೇಳುವ ಅಜ್ಜಿಯರು ನಮ್ಮ ಊರುಗಳಲ್ಲೂ ಹೆಚ್ಚುತ್ತಿದ್ದಾರೆ. ಅವರು ಕೇಳುವುದು ತಮ್ಮ ಮೈಗೆ ಹೊಂದುವ ಒಂದು ಬಟ್ಟೆ, ಅದೂ ಕಪ್ಪು, ಕಂದು, ಬೂದಿ ಬಣ್ಣವಲ್ಲದ್ದು. ದೊಡ್ಡ ಸೈಜು ಅಂದರೆ ಮಂಕು ಬಣ್ಣ ಅಂತ ಯಾರು ತೀರ್ಮಾನಿಸಿದರೋ!

ಸೀರೆಯ ವಿಷಯ ಬಂದಿದ್ದಕ್ಕೆ ಪರಕರದ (ಸೀರೆಯೊಳಗಿನ ಲಂಗದ) ಲಾಡಿಯ ಬಗ್ಗೆಯೂ ಒಂದು ಮಾತು. ಲಾಡಿ ಸಣ್ಣದಿದ್ದು, ದಿನಾ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದರೆ ಚರ್ಮ ಕಪ್ಪಾಗಿ, ಸುಲಿದು, ಹುಣ್ಣಾಗುತ್ತದೆ. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯರ ಪತ್ರಿಕೆಯಲ್ಲಿ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಬ್ಬರು ಹೆಂಗಸರ ಬಗ್ಗೆ ಬರೆದರು. ಒಬ್ಬರಿಗೆ ಎಪ್ಪತ್ತು ವರ್ಷ, ಇನ್ನೊಬ್ಬರಿಗೆ ಎಪ್ಪತ್ತರ ಹತ್ತಿರ. ಸೊಂಟಕ್ಕೆ ಬಿಗಿದು ಕಟ್ಟಿದ ಜಾಗದಲ್ಲಿ ಆದ ಹುಣ್ಣು ಬಹುಕಾಲ ಮಾಯದೆ ಕ್ಯಾನ್ಸರ್‌ಗೆ ತಿರುಗಿತ್ತು. ಇದು ಬಹಳ ಅಪರೂಪ, ಹೆದರಬೇಕಿಲ್ಲ. ಆದರೆ ಅವ್ವನ ಸೊಂಟದಲ್ಲಿ ಮಾಯದ ಗಾಯ ಇದ್ದರೆ ಸುಮ್ನೆ ಎಣ್ಣೆ ಹಚ್ಚಿಕೊಂಡು ಕೂರಲು ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಲಾಡಿಯ ಬದಲು ಅಗಲ ಪಟ್ಟಿ ಹಚ್ಚಿಸಿದರೆ ಭಾರ ಹಂಚಿಹೋಗುತ್ತದೆ.

ಈಗ ಟೇಲರ್ ಕಡೆ ಬರೋಣ. ನಮ್ಮ ಓಣಿಗಳಲ್ಲಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಹೊಲಿಯುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಇದು ನಮ್ಮ ಭಾಗ್ಯ. ಇಲ್ಲಿ ಗ್ರೇಡಿಂಗ್ ಇಲ್ಲ, ಟೇಪು ನೇರ ಮೈಮೇಲೆ ಬರುತ್ತದೆ. ಆದರೆ ಬಹಳ ಜನ ಹಿರಿಯರು ಮೈ ಅಳತೆ ಕೊಡಲು ಸಂಕೋಚಪಟ್ಟು ಹಳೆಯ ಜಂಪರನ್ನೇ ಅಳತೆಗೆ ಕಳಿಸುತ್ತಾರೆ. ಹತ್ತು ವರ್ಷದ ಹಿಂದಿನ ಜಂಪರು ಹತ್ತು ವರ್ಷದ ಹಿಂದಿನ ಮೈಯನ್ನೇ ಹೇಳುತ್ತದೆ. ದಯವಿಟ್ಟು ಮೈ ಅಳತೆ ಕೊಡಿಸಿ. ಅಳೆಯುವಾಗ ಬೆನ್ನು ನೆಟ್ಟಗೆ ಮಾಡಿ ನಿಲ್ಲಿ ಅನ್ನಬೇಡಿ. ಅವರು ದಿನಾ ಹೇಗೆ ನಿಲ್ಲುತ್ತಾರೋ ಹಾಗೇ ನಿಲ್ಲಲಿ. ಕುತ್ತಿಗೆಯ ಹಿಂದಿನ ಎಲುಬಿನಿಂದ ಸೊಂಟದವರೆಗೆ ಒಂದು ಅಳತೆ, ಮುಂದೆ ಹೆಗಲಿನಿಂದ ಎದೆಯ ತುದಿಗೆ ಒಂದು, ಅಲ್ಲಿಂದ ಕೆಳಗೆ ಸೊಂಟಕ್ಕೆ ಒಂದು, ರಟ್ಟೆಯ ದಪ್ಪ ಭಾಗಕ್ಕೆ ಒಂದು. ಬೆನ್ನಿನ ಅಳತೆ ಮುಂದಿನದಕ್ಕಿಂತ ಎಷ್ಟು ಹೆಚ್ಚು ಅನ್ನುವುದು ಇಲ್ಲೇ ಗೊತ್ತಾಗುತ್ತದೆ. "ಒಳಗ ಬಟ್ಟಿ ಬಿಡವಾ" ಅಂತ ಹೇಳುವುದನ್ನು ಮರೆಯಬೇಡಿ. ಬದಿಗೆ ಒಂದು ಇಂಚು ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿದರೆ, ಬೇಕಾದಾಗ ಒಂದು ಸಾಲು ಬಿಚ್ಚಿದರಾಯಿತು. ರೆಡಿಮೇಡಿನಲ್ಲಿ ಒಳಗೆ ಬಟ್ಟೆಯೇ ಉಳಿದಿರುವುದಿಲ್ಲ, ಓವರ್‌ಲಾಕ್ ಹಾಕಿ ಕತ್ತರಿಸಿಬಿಟ್ಟಿರುತ್ತಾರೆ.

ರೆಡಿಮೇಡೇ ಬೇಕು ಅಂದರೆ ನಾನು ಹೇಳುವುದು ಹೀಗೆ. ಹೆಗಲು ನೋಡಿ ತೆಗೆದುಕೊಳ್ಳಿ, ಎದೆ ನೋಡಿ ಅಲ್ಲ. ಹೆಗಲು ಬಿಚ್ಚಿ ಸರಿಮಾಡುವುದು ದೊಡ್ಡ ಕೆಲಸ, ಕೊರಳು, ತೋಳು ಎರಡೂ ಕೆಡುತ್ತವೆ. ಬದಿಯನ್ನು ಬಿಚ್ಚಿ ಕಂಕುಳಿಂದ ಕೆಳಗೆ ಒಂದೊಂದು ಪಟ್ಟಿ ಸೇರಿಸುವುದು ಸುಲಭ. ಅದೇ ಬಣ್ಣದ ಬಟ್ಟೆ ಸಿಗದಿದ್ದರೆ ಖಣದ ಪಟ್ಟಿ ಹಾಕಿಸಿ, ಬೇಕೆಂದೇ ಹಾಕಿಸಿದ ಹಾಗೆ ಚೆಂದ ಕಾಣುತ್ತದೆ. ಅಂಗಡಿಯಲ್ಲಿ ಹಾಕಿ ನೋಡುವಾಗ ಕನ್ನಡಿ ಮುಂದೆ ನಿಂತರೆ ಸಾಲದು. ಕೂತು ನೋಡಬೇಕು, ಕೈ ಮೇಲೆತ್ತಿ ನೋಡಬೇಕು. ಟ್ರಯಲ್ ರೂಮಿನಲ್ಲಿ ಕೂರಲು ಒಂದು ಸ್ಟೂಲ್ ಕೇಳಿ. ಕೇಳಿದರೆ ಕೊಡುತ್ತಾರೆ. ಅಂಗಡಿಯವರೇ ಮೊದಲೇ ಇಟ್ಟಿದ್ದರೆ ಇನ್ನೂ ಒಳ್ಳೆಯದು, ಪರದೆಯ ಹಿಂದೆ ಒಂಟಿ ಕಾಲಲ್ಲಿ ನಿಂತು ಪ್ಯಾಂಟ್ ಹಾಕಿ ನೋಡುವುದು ಎಪ್ಪತ್ತರ ವಯಸ್ಸಿಗೆ ಅಪಾಯ.

ಹೊಲಿಸುವುದಿದ್ದರೆ ಆಷಾಢದಲ್ಲೇ ಕೊಡಿ. ಮದುವೆಗಳು ಇರುವುದಿಲ್ಲ, ಟೇಲರ್‌ಗೆ ಪುರಸೊತ್ತು ಇರುತ್ತದೆ. ದಸರಾ, ದೀಪಾವಳಿಯ ಗದ್ದಲದಲ್ಲಿ ಯಾರೂ ಬೆನ್ನಿಗೆ ಬೇರೆ, ಮುಂದಕ್ಕೆ ಬೇರೆ ಅಂತ ಎರಡು ಸಲ ಟೇಪು ಹಿಡಿಯುವುದಿಲ್ಲ.