ಬಿಸಿಲಿಗೆ ಕಾದವರು, ಪ್ಲೇಟಿಗೆ ಕಾದವರು

ಮಳೆಗಾಲ ಬಂತೆಂದರೆ ರಸಾಯನಶಾಸ್ತ್ರದ ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ಒಂದು ತಲೆನೋವು ಹೆಚ್ಚು. ಪರೀಕ್ಷಿಸಬೇಕಾದ ವಸ್ತು ಒಂದೆರಡು ಮಿಲಿಗ್ರಾಂ, ಅದರ ನೂರರಷ್ಟು ಪೊಟ್ಯಾಸಿಯಂ ಬ್ರೋಮೈಡ್. ಎರಡನ್ನೂ ಪುಟ್ಟ ಕಲ್ಬತ್ತಿನಲ್ಲಿ ನುಣ್ಣಗೆ ಅರೆದು, ಟನ್ನುಗಟ್ಟಲೆ ಒತ್ತಡ ಹಾಕಿ, ಗಾಜಿನಂಥ ಬಿಲ್ಲೆ ಮಾಡಬೇಕು. ಪೊಟ್ಯಾಸಿಯಂ ಬ್ರೋಮೈಡ್ ಉಪ್ಪಿನ ಜಾತಿಯದು; ಗಾಳಿಯ ತೇವವನ್ನು ಹೀರಿ ಮಸುಕಾಗುತ್ತದೆ. ವಸ್ತು ನುಂಗಿದ ಬೆಳಕಿನಿಂದ ಅದು ಯಾವುದೆಂದು ತಿಳಿಸುವ ಇನ್‌ಫ್ರಾರೆಡ್ ಯಂತ್ರಕ್ಕೆ ಆ ಬಿಲ್ಲೆಯನ್ನಿಟ್ಟರೆ 3400ರ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕ) ಆಸುಪಾಸಿನಲ್ಲಿ ಅಗಲವಾದ ತಗ್ಗೊಂದು ಕಾಣಿಸುತ್ತದೆ. ಆಲ್ಕೊಹಾಲಿಗೂ ನೀರಿಗೂ ತಗ್ಗು ಮೂಡುವುದು ಅಲ್ಲೇ. ಆಲ್ಕೊಹಾಲ್ ಸಿಕ್ಕಿತೆಂದು ಹಿಗ್ಗಿದ ವಿದ್ಯಾರ್ಥಿಗೆ ಸಿಕ್ಕಿರುವುದು ಹೊರಗಿನ ಮಳೆ.

ಇಂದು ಯಂತ್ರದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಅಮೆರಿಕದ ಕಾರ್ನೆಲ್‌ನಲ್ಲಿ 1903ರಲ್ಲಿ ಡಾಕ್ಟರೇಟ್ ಪಡೆದ ವಿಲಿಯಂ ಕೋಬ್ಲೆಂಟ್ಸ್ ಕಲ್ಲುಪ್ಪಿನ ಅಶ್ರಗ ಇಟ್ಟುಕೊಂಡು, ಒಂದೊಂದೇ ಬಿಂದುವನ್ನು ಅಳೆದು ಗುರುತು ಹಾಕುತ್ತ, ನೂರಕ್ಕೂ ಹೆಚ್ಚು ವಸ್ತುಗಳ ರೋಹಿತಗಳನ್ನು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ನಕ್ಷೆಗಳನ್ನು) ಪಡೆದಿದ್ದರು. ಅಣುವಿನೊಳಗಿನ ಪರಮಾಣುಗಳ ಪ್ರತಿ ಗುಂಪಿಗೂ ತನ್ನದೇ ಗುರುತಿದೆ ಎಂಬ ಅರಿವಿಗೆ ಆ ತಾಳ್ಮೆಯೇ ತಳಹದಿ.

ಇನ್‌ಫ್ರಾರೆಡ್ ವಿಧಾನದಲ್ಲಿ ಅಣು ನುಂಗಿದ ಬೆಳಕನ್ನು ಅಳೆಯುತ್ತೇವೆ. ರಾಮನ್ ವಿಧಾನದಲ್ಲಿ ಅಣು ಚದುರಿಸಿದ ಬೆಳಕಿನಲ್ಲಿ ಬಣ್ಣ ಬದಲಿಸಿದ ಅತ್ಯಲ್ಪ ಪಾಲನ್ನು ಹುಡುಕುತ್ತೇವೆ. ನೀರು ಮೊದಲನೆಯದಕ್ಕೆ ಶತ್ರು, ಎರಡನೆಯದಕ್ಕೆ ಅಷ್ಟೇನೂ ಅಡ್ಡಿಯಲ್ಲ. ಗಾಳಿಯ ನೈಟ್ರೋಜನ್ ಮೊದಲನೆಯದಕ್ಕೆ ಕಾಣುವುದೇ ಇಲ್ಲ, ಎರಡನೆಯದಕ್ಕೆ ಕಾಣುತ್ತದೆ. ಹಾಗಾಗಿ ಪ್ರಯೋಗಾಲಯಗಳಿಗೆ ಎರಡೂ ಬೇಕು.

ಈ ಎರಡನೆಯದರ ಕಥೆಯನ್ನು ನಾವು ಸಿ.ವಿ. ರಾಮನ್ ಎಂಬ ಒಬ್ಬರ ಹೆಸರಿನಲ್ಲಿ ಕೇಳಿ ಬೆಳೆದಿದ್ದೇವೆ. ಅವರ ಪ್ರಯೋಗಾಲಯವಿದ್ದ ಕಲ್ಕತ್ತದ ಬೌಬಜಾರಿನ ಆ ಕಟ್ಟಡದೊಳಗೆ ಹೊಕ್ಕು ನೋಡಿದರೆ ಕಾಣುವವರು ವಿದ್ಯಾರ್ಥಿಗಳೇ. ಕೆ.ಆರ್. ರಾಮನಾಥನ್ 1923ರಲ್ಲೇ ನೀರಿನಲ್ಲಿ ಮಬ್ಬಾದ ಬೇರೆ ಬೆಳಕನ್ನು ಕಂಡಿದ್ದರು. ನೀರಿನ ಕಲ್ಮಶವೇ ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುತ್ತಿರಬೇಕೆಂದು (ಪ್ರತಿದೀಪ್ತಿ) ಅದಕ್ಕೊಂದು ವಿವರಣೆ ಹುಟ್ಟಿತು. ಆದರೆ ನೀರನ್ನು ಎಷ್ಟು ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. 1928ರ ಜನವರಿಯಲ್ಲಿ ಎಸ್. ವೆಂಕಟೇಶ್ವರನ್ ಗ್ಲಿಸರಿನ್ ಚದುರಿಸಿದ ಬೆಳಕು ಎಂದಿನ ನೀಲಿಯಾಗಿರದೆ ಹಸಿರು ಛಾಯೆಯಲ್ಲಿರುವುದನ್ನು ಗಮನಿಸಿದರು. ಅವರದು ಬಿಡುವಿನ ವೇಳೆಯ ಸಂಶೋಧನೆ, ಹೊಟ್ಟೆಪಾಡಿಗೆ ನೌಕರಿ. ಪ್ರಯೋಗಕ್ಕೆ ಸೂರ್ಯನೇ ದೀಪ. ಕಚೇರಿಯ ಹೊತ್ತೂ ಬಿಸಿಲಿನ ಹೊತ್ತೂ ಒಂದೇ ಆದವನು ಏನು ಮಾಡಿಯಾನು? ಕೆಲಸ ಕೆ.ಎಸ್. ಕೃಷ್ಣನ್ ಕೈಗೆ ಬಂತು. ಅವರು ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಶೋಧ ಖಚಿತವಾದ ಫೆಬ್ರವರಿ 28 ನಮಗೆಲ್ಲ ಗೊತ್ತಿರುವ ದಿನ.

ಮಾರ್ಚ್ 16ರಂದು ರಾಮನ್ ಈ ಶೋಧವನ್ನು ವಿವರಿಸಿದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಆ ಭಾಷಣದ ಮುದ್ರಿತ ರೂಪದಲ್ಲಿ ಕೃಷ್ಣನ್ ಅವರ ಸಹಕಾರವನ್ನೂ ವೆಂಕಟೇಶ್ವರನ್ ಅವರ ನೆರವನ್ನೂ ನೆನೆದಿದ್ದಾರೆ. 1930ರ ನೊಬೆಲ್ ಬಂದದ್ದು ಒಬ್ಬರಿಗೇ.

ಆದರೂ ಕೃಷ್ಣನ್‌ಗೆ ಮುಂದೆ ಹೆಸರು, ಹುದ್ದೆ ಎಲ್ಲವೂ ದಕ್ಕಿದವು. ನನಗೆ ಹೆಚ್ಚು ಕಾಡುವುದು ಅನ್ನಾ ಮಣಿಯವರ ಪ್ರಸಂಗ. 1940ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ರಾಮನ್ ಅವರ ಶಿಷ್ಯೆಯಾದರು. ಕೊಟ್ಟ ವಸ್ತು ವಜ್ರ ಮತ್ತು ಮಾಣಿಕ್ಯ. 30ಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು ಅವರು ದಾಖಲಿಸಿದರು. ವಜ್ರವನ್ನು ದ್ರವಗಾಳಿಯಲ್ಲಿ (ತಂಪಿಗೆ ದ್ರವವಾದ ಗಾಳಿಯಲ್ಲಿ) ತಣ್ಣಗಿರಿಸಬೇಕು, ಎದುರಿಗೆ ಛಾಯಾಚಿತ್ರದ ಗಾಜಿನ ಪ್ಲೇಟು. ಕೆಲವು ವಜ್ರಗಳ ಬೆಳಕು ಎಷ್ಟು ಕ್ಷೀಣವೆಂದರೆ ಒಂದೇ ಪ್ಲೇಟಿನಲ್ಲಿ ಗೆರೆ ಮೂಡಲು 15ರಿಂದ 20 ಗಂಟೆ. ರಾತ್ರಿಗಳು ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದವು. ಬೆಳಗ್ಗೆ ಪ್ಲೇಟು ತೊಳೆದ ಮೇಲಷ್ಟೇ ರಾತ್ರಿಯ ಫಲ ತಿಳಿಯಬೇಕು.

1942ರಿಂದ 1945ರ ನಡುವೆ ಮಣಿಯವರ ಒಂಟಿ ಹೆಸರಿನಲ್ಲಿ ಐದು ಪ್ರಬಂಧಗಳು ಪ್ರಕಟವಾದವು. ಸಂಸ್ಥೆಯ ವಿದ್ಯಾರ್ಥಿಗಳಿಗೆ ಆಗ ಪದವಿ ಕೊಡುತ್ತಿದ್ದುದು ಮದ್ರಾಸ್ ವಿಶ್ವವಿದ್ಯಾಲಯ. 1945ರಲ್ಲಿ ಮಣಿ ಅಲ್ಲಿಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಬಿ.ಎಸ್‌ಸಿ. ಆನರ್ಸ್ ಆಗಿದೆ, ಎಂ.ಎಸ್‌ಸಿ. ಇಲ್ಲ ಎಂಬ ಕಾರಣಕ್ಕೆ ಪದವಿ ಸಿಗಲಿಲ್ಲ. ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದ ಅವರು ಹವಾಮಾನ ಉಪಕರಣಗಳ ಕಡೆಗೆ ಹೊರಳಿದರು; ಆ ಕ್ಷೇತ್ರ ಅವರನ್ನು ಇಂದಿಗೂ ನೆನೆಯುತ್ತದೆ. ತಿರಸ್ಕೃತ ಪ್ರಬಂಧ ಉಳಿದಿರುವುದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ.

1960ರಲ್ಲಿ ಲೇಸರ್ ಬಂತು, ಆಮೇಲೆ ಪ್ಲೇಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಸಂವೇದಕಗಳು ಬಂದವು. ವಜ್ರದ 1332ರ ರಾಮನ್ ಗೆರೆ ಈಗ ಸೆಕೆಂಡುಗಳಲ್ಲಿ ತೆರೆಯ ಮೇಲೆ ನೆಟ್ಟಗೆ ಏಳುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಪದರ ನಿಜಕ್ಕೂ ವಜ್ರವೇ, ಇಂಗಾಲದ ಬೇರೆ ರೂಪವೇ ಎಂದು ತಿಳಿಯಬೇಕಾದ ವಿದ್ಯಾರ್ಥಿ ಮೊದಲು ಹುಡುಕುವುದು ಆ ಗೆರೆಯನ್ನೇ.